ಅತ್ತಿಗೆಯ ಕೈಗವಸು

ಬೆಳಿಗ್ಗೆ ಎದ್ದ ಕೂಡಲೇ ಅವಳ ಮೊದಲ ಕೆಲಸ ಬೆರಳು ಬಿಡಿಸುವುದು. ಬಲಗೈ ರಾತ್ರಿಯೆಲ್ಲ ಮುದುರಿಕೊಂಡು ಬಿದ್ದಿರುತ್ತದೆ. ಎಡಗೈಯಿಂದ ಒಂದೊಂದೇ ಬೆರಳು ಹಿಡಿದು ನೆಟ್ಟಗೆ ಮಾಡಬೇಕು. ತೋರುಬೆರಳು ಮಾತ್ರ ಹಟಮಾರಿ. ಬಿಸಿನೀರಿನ ಪಾತ್ರೆಯಲ್ಲಿ ಅದ್ದಿಟ್ಟ ಮೇಲೂ ಅದು ಅರ್ಧಕ್ಕೇ ನಿಂತುಬಿಡುತ್ತದೆ. ಒದ್ದೆ ಬಟ್ಟೆ ಹಿಂಡುವುದು ಈಗ ಗಂಡನ ಕೆಲಸ. ಡಬ್ಬಿಯ ಮುಚ್ಚಳ ತೆಗೆಯುವುದೂ ಅವನದೇ. ಮನೆಗಳಿಗೆ ಬಣ್ಣ ಬಳಿಯುವ ಆ ಮನುಷ್ಯ ಮಗಳ ಜಡೆ ಹೆಣೆಯುವುದನ್ನೂ ಕಲಿತಿದ್ದ. ಹೆಣೆದದ್ದು ಸೊಟ್ಟಗಿರುತ್ತಿತ್ತು. ಮಗಳು ಗೊಣಗುತ್ತಲೇ ಶಾಲೆಗೆ ಹೋಗುತ್ತಿದ್ದಳು.

ಕೈ ನೋಡಿದ ಡಾಕ್ಟರು ಕೇಳಿದ್ದರು: "ಏನು ಕೆಲಸ ಮಾಡ್ತೀರಮ್ಮ? ಕಲ್ಲು ಒಡೀತೀರಾ?"

"ಇಲ್ಲ ಡಾಕ್ಟ್ರೇ. ಆಟ ಆಡ್ತೀನಿ."

ಡಾಕ್ಟರು ನಕ್ಕರು. ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡರು. ಆಮೇಲೆ ಅವಳ ಮುಖ ನೋಡಿ ನಗು ನಿಲ್ಲಿಸಿದರು. ಕೈಗೆ ವಿಶ್ರಾಂತಿ ಕೊಡಿ ಎಂದರು. ಹೇಳುವುದಕ್ಕೇನು, ಸುಲಭ.

ಅವಳು ಹೇಳಿದ್ದು ನಿಜ. ಟೈಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಸಾಲುಸಾಲಾಗಿ ಕಂಪ್ಯೂಟರು. ಕಿಟಕಿಗಳಿಗೆ ಕಪ್ಪು ಕಾಗದ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಹೆಂಗಸರು, ನಾಲ್ಕಾರು ಗಂಡಸರು ಕೂತು ಆಟ ಆಡುತ್ತಾರೆ. ಕೆಲಸ ಕೊಟ್ಟದ್ದು ದೊಡ್ಡ ಕಂಪನಿ, ಸಂಬಳ ಕೊಡುವವನು ಕಂತ್ರಾಟುದಾರ. ಅವಳ ನಾದಿನಿ, ಅಂದರೆ ಗಂಡನ ತಂಗಿ, ಮೊದಲೇ ಅಲ್ಲಿ ಸೇರಿದ್ದಳು. ಅವಳೇ ಇವಳನ್ನೂ ಸೇರಿಸಿದಳು. ನಾದಿನಿ "ಅತ್ತಿಗೆ, ಅತ್ತಿಗೆ" ಎಂದು ಕರೆಯುವುದನ್ನು ಕೇಳಿ ಕೇಳಿ ಇಡೀ ಕೋಣೆಗೇ ಅವಳು ಅತ್ತಿಗೆಯಾದಳು. ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಕಾವಲುಗಾರನೂ ಅತ್ತಿಗೆ ಅಂತಲೇ ಕರೆಯುತ್ತಿದ್ದ.

ಆಟ ಹಳೆಯದು. ಜನ ಚಿಕ್ಕಂದಿನಲ್ಲಿ ಆಡಿ, ಮದುವೆಯಾಗಿ, ತಲೆ ನರೆತ ಮೇಲೂ ಮರೆಯದಂಥ ಆಟ. ಒಂದು ಪಾಳುಕೋಟೆ. ಅದರ ಕೆಳಗೆ ನೆಲಮಾಳಿಗೆ, ಅದರ ಕೆಳಗೆ ಇನ್ನೊಂದು, ಅದರ ಕೆಳಗೆ ಮತ್ತೊಂದು. ಎಲ್ಲೆಲ್ಲೂ ಅಸ್ಥಿಪಂಜರ, ಭೂತ. ಕತ್ತಿ ಹಿಡಿದ ಒಬ್ಬ ವೀರ ಅವನ್ನೆಲ್ಲ ಕಡಿದುಕೊಂಡು ಹೋಗಬೇಕು. ಸತ್ತ ಭೂತ ನಾಣ್ಯ ಬೀಳಿಸುತ್ತದೆ, ಉಂಗುರ, ಕವಚ, ಔಷಧದ ಸೀಸೆ ಬೀಳಿಸುತ್ತದೆ. ಒಂದೊಂದರ ಮೇಲೂ ಮೌಸ್ ಇಟ್ಟು ಒತ್ತಿದರೆ ಅದು ವೀರನ ಚೀಲ ಸೇರುತ್ತದೆ. ಕೋಣೆಯ ಹೆಂಗಸರು ಆ ವೀರನಿಗೆ ಅಳಿಯ ಎಂದು ಹೆಸರಿಟ್ಟಿದ್ದರು. ಎದೆಯುಬ್ಬಿಸಿ ನಿಲ್ಲುವುದಷ್ಟೇ ಅವನ ಕೆಲಸ, ಬಿದ್ದದ್ದನ್ನೆಲ್ಲ ಎತ್ತಿ ಕೊಡಲು ಬೇರೆಯವರು ಬೇಕು.

"ಏನೇ, ನಿನ್ನ ಅಳಿಯ ಎಲ್ಲಿಗೆ ಬಂದ?"

"ಎರಡನೇ ಮಾಳಿಗೇಲಿ ಸತ್ತು ಬಿದ್ದಿದಾನೆ. ಎದ್ದು ಬರ್ಲಿ ಅಂತ ಕಾಯ್ತಿದೀನಿ."

ನಗಲು ಅವರಿಗೆ ಇದ್ದದ್ದು ಇಷ್ಟೇ.

ಆಟವನ್ನು ಕಂಪನಿ ಮತ್ತೆ ಹೊಸದಾಗಿ ಬಿಟ್ಟಿತ್ತು. ಬಿಟ್ಟದ್ದಲ್ಲದೆ, ಏನು ಬದಲಾಯಿಸಬೇಕು ಹೇಳಿ ಎಂದು ಆಟಗಾರರನ್ನೇ ಕೇಳಿತು. ಕೇಳಬೇಕೇ! ಇಂಟರ್ನೆಟ್ಟಿನಲ್ಲಿ ಅವರು ಮಾತಾಡಿಕೊಳ್ಳುವ ಪುಟ ತುಂಬಿ ತುಳುಕಿತು. ಒಬ್ಬನಿಗೆ ಚೀಲ ಚಿಕ್ಕದಾಯಿತು. ಕಂಪನಿ ದೊಡ್ಡದು ಮಾಡಿದರೆ, ಇನ್ನೊಬ್ಬನಿಗೆ ಆಟದ ಗಮ್ಮತ್ತೇ ಹೋಯಿತು. ಒಬ್ಬನಿಗೆ ನೆಲಮಾಳಿಗೆಯಲ್ಲಿ ಕತ್ತಲೆ ಜಾಸ್ತಿ, ಮತ್ತೊಬ್ಬನಿಗೆ ಬೆಳಕು ಜಾಸ್ತಿ. ಯಾರ ಗಂಟಲು ದೊಡ್ಡದೋ ಅವರ ಮಾತು ನಡೆಯುತ್ತಿತ್ತು. ಒಂದು ಬದಲಾವಣೆ ಆಯಿತೆಂದರೆ ಮೊದಲ ಮಾಳಿಗೆಯಿಂದ ಕೊನೆಯ ಮಾಳಿಗೆಯವರೆಗೆ ಇಡೀ ಆಟವನ್ನು ಮತ್ತೆ ಆಡಿ ನೋಡಬೇಕು, ಬಿದ್ದದ್ದನ್ನೆಲ್ಲ ಎತ್ತಿ ನೋಡಬೇಕು, ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕಬೇಕು. ಆಟಗಾರರಿಗೆ ಅದು ಬಾಯಿಮಾತು. ಕಪ್ಪು ಕಾಗದದ ಕೋಣೆಗೆ ಒಂದು ವಾರದ ದುಡಿತ.

ಒಂದು ಸಲ ಮಾತ್ರ ಅವರ ಕೂಗು ಅತ್ತಿಗೆಯನ್ನು ಹರಸಿದಂತಾಯಿತು. ಬಿದ್ದದ್ದನ್ನು ಒಂದೊಂದಾಗಿ ಒತ್ತಿ ಎತ್ತುವುದು ಯಾವ ಕಾಲದ ಪದ್ಧತಿ, ವೀರ ಹತ್ತಿರ ಹೋದರೆ ತಾನಾಗಿಯೇ ಚೀಲಕ್ಕೆ ಬರಲಿ ಎಂದು ಆಟಗಾರರು ಪಟ್ಟು ಹಿಡಿದರು. ಕಂಪನಿ ಒಪ್ಪಿತು. ಅಳಿಯ ನಡೆದ ದಾರಿಯಲ್ಲೆಲ್ಲ ನಾಣ್ಯ ತಾನೇ ಹಾರಿ ಬಂದು ಚೀಲ ಸೇರತೊಡಗಿತು. ಅತ್ತಿಗೆಯ ಬೆರಳು ಸುಮ್ಮನೆ ಮೌಸಿನ ಮೇಲೆ ಕೂತಿತು. ಆ ದಿನಗಳಲ್ಲಿ ಅವಳೇ ಬಟ್ಟೆ ಹಿಂಡಿದಳು. ಮಗಳ ಜಡೆ ನೆಟ್ಟಗಾಯಿತು. "ಕೈ ಬಂತು ಕಣ್ರೀ," ಎಂದು ಗಂಡನಿಗೆ ಮುಷ್ಟಿ ಕಟ್ಟಿ ತೋರಿಸಿದಳು. ಅವನು ಆ ಮುಷ್ಟಿಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದ.

ಆ ಸುಖ ಬಹಳ ದಿನ ಉಳಿಯಲಿಲ್ಲ. ಹಳೆಯ ಆಟಗಾರರು ತಿರುಗಿಬಿದ್ದರು. ಬಗ್ಗಿ ಎತ್ತಿಕೊಳ್ಳದ ವೀರ ಎಂಥ ವೀರ? ಕಷ್ಟಪಟ್ಟು ಎತ್ತಿಕೊಂಡರೇ ಅದರ ಬೆಲೆ ಗೊತ್ತಾಗುವುದು. ನಮ್ಮ ಬಾಲ್ಯವನ್ನು ಹಾಳು ಮಾಡಬೇಡಿ. ಹೀಗೆ. ಕಷ್ಟದ ಬೆಲೆಯ ಬಗ್ಗೆ ಉದ್ದುದ್ದ ಬರೆದರು, ಮೆತ್ತನೆಯ ಕುರ್ಚಿಯಲ್ಲಿ ಕೂತು. ಕಂಪನಿ ಹೆದರಿತು. ಎತ್ತುವುದು ಮತ್ತೆ ಬೆರಳಿಗೇ ಬಂತು.

ಕೋಣೆಯ ಮೇಲ್ವಿಚಾರಕನನ್ನು ಹೆಂಗಸರು ಬೆನ್ನ ಹಿಂದೆ ಮೇಸ್ತ್ರಿ ಎನ್ನುತ್ತಿದ್ದರು. ಯಾವಾಗಲೂ ಅವರ ಬೆನ್ನ ಹಿಂದೆಯೇ ನಿಂತಿರುತ್ತಿದ್ದನಲ್ಲ. ಅತ್ತಿಗೆ ಅವನ ಮೇಜಿನ ಬಳಿ ಹೋಗಿ ನಿಂತಳು.

"ಸಾರ್, ಒಂದು ಮಾತು. ಆಟಗಾರರಿಗೆ ಬೇಡದಿದ್ರೆ ಬೇಡ. ನಮ್ಮ ಕಂಪ್ಯೂಟರ್‌ಗಳಲ್ಲಿ ಅದು ಹಾಗೇ ಇರ್ಲಿ. ಒಂದು ಸಲ ಕೈಯಲ್ಲಿ ಎತ್ತಿ ನೋಡ್ತೀವಿ. ಮಿಕ್ಕ ಸಲ ತಾನಾಗೇ ಬರ್ಲಿ. ನೋಡಿ ನನ್ನ ಬೆರಳು."

ಅವನು ಬೆರಳು ನೋಡಲಿಲ್ಲ. "ಅವ್ರು ಹೆಂಗೆ ಆಡ್ತಾರೋ ಹಂಗೇ ನಾವೂ ಆಡ್ಬೇಕಮ್ಮ. ರೂಲ್ಸು."

"ಅವ್ರು ಸಂಜೆ ಒಂದು ಗಂಟೆ ಆಡ್ತಾರೆ ಸಾರ್. ನಾವು ದಿನವೆಲ್ಲ ಆಡ್ತೀವಿ."

"ಅದಕ್ಕೇ ಸಂಬಳ ಕೊಡೋದು. ನೋಡಮ್ಮ, ಆಟಗಾರರು ಕೇಳಿದ್ರೆ ಕಂಪನಿ ಕೇಳುತ್ತೆ. ನೀನು ಕೇಳೋಕೆ ಯಾರು, ನಾನು ಕೇಳೋಕೆ ಯಾರು? ಹೋಗು, ಅಳಿಯ ಕಾಯ್ತಿದಾನೆ."

ಅಳಿಯ ಎಂಬ ಹೆಸರು ಅವನ ಕಿವಿಗೂ ಬಿದ್ದಿತ್ತೆಂದು ಅವಳಿಗೆ ಅವತ್ತೇ ಗೊತ್ತಾದದ್ದು. ಆ ನಗುವೂ ಇನ್ನು ತಮ್ಮದಲ್ಲ ಅನ್ನಿಸಿತು.

ಕೀಬೋರ್ಡಿನಲ್ಲಿರುವ ಗುಂಡಿಗಳನ್ನೆಲ್ಲ ಒತ್ತಿ ನೋಡುವುದೇ ಆ ಕೋಣೆಯವರ ಕಸುಬು. ಇಲ್ಲಿ ಒತ್ತಿದರೆ ಏನು ಕೆಡುತ್ತದೆ, ಎರಡನ್ನು ಒಟ್ಟಿಗೆ ಒತ್ತಿದರೆ ಏನಾಗುತ್ತದೆ. ಹಾಗೆ ಒತ್ತುತ್ತಾ ಹೋದ ನಾದಿನಿಗೆ ಒಂದು ದಿನ ಗುಟ್ಟು ಸಿಕ್ಕಿತು. ಕಂಪನಿಯವರು ಆ ಅನುಕೂಲವನ್ನು ತೆಗೆದುಹಾಕಿರಲಿಲ್ಲ, ಮುಚ್ಚಿಟ್ಟಿದ್ದರು ಅಷ್ಟೇ. ಎರಡು ಗುಂಡಿ ಒಟ್ಟಿಗೆ ಅದುಮಿ ಹಿಡಿದರೆ ಬಿದ್ದದ್ದೆಲ್ಲ ಮೊದಲಿನಂತೆ ತಾನಾಗಿಯೇ ಹಾರಿ ಬರುತ್ತಿತ್ತು.

"ಅತ್ತಿಗೆ, ಇಲ್ಲಿ ನೋಡಿ. ಬಾಯಿ ಬಿಡ್ಬೇಡಿ."

ಮಧ್ಯಾಹ್ನದ ಊಟದ ಹೊತ್ತಿಗೆ ಅದು ಇಡೀ ಕೋಣೆಗೆ ಗೊತ್ತಾಗಿತ್ತು. ಮೇಸ್ತ್ರಿ ಟೀ ಕುಡಿಯಲು ಇಳಿದರೆ ಸಾಕು, ಮೌಸುಗಳ ಟಕ್ ಟಕ್ ಸದ್ದು ಪಟ್ಟನೆ ಇಳಿಯುತ್ತಿತ್ತು. ಅವನ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿದೊಡನೆ ಮತ್ತೆ ಶುರು. ಯಾರಿಗೂ ಇದು ಮೋಸ ಎನ್ನಿಸಲಿಲ್ಲ. ಎತ್ತಿದರಾಯಿತಲ್ಲ, ಹೇಗೆ ಎತ್ತಿದರೇನು?

ತಪ್ಪಾದದ್ದು ಅಲ್ಲಿಯೇ. ಹೊಸ ಬದಲಾವಣೆಯಲ್ಲಿ ಮೂರನೇ ಮಾಳಿಗೆಯ ನೀಲಿ ಉಂಗುರಕ್ಕೆ ಒಂದು ದೋಷ ಹತ್ತಿಕೊಂಡಿತ್ತು. ಚೀಲ ತುಂಬಿದ್ದಾಗ ಅದನ್ನು ಕೈಯಿಂದ ಒತ್ತಿ ಎತ್ತಿದರೆ ನೆಲದ ಮೇಲೂ ಇಲ್ಲ, ಚೀಲದಲ್ಲೂ ಇಲ್ಲ, ಮಾಯ. ತಾನಾಗಿ ಎತ್ತಿಕೊಳ್ಳುವಾಗ ಹಾಗಾಗುತ್ತಿರಲಿಲ್ಲ. ಚೀಲ ತುಂಬಿದ್ದರೆ ಉಂಗುರ ನೆಲದಲ್ಲೇ ಉಳಿಯುತ್ತಿತ್ತು. ಮೂರನೇ ಮಾಳಿಗೆ ಅತ್ತಿಗೆಯ ಪಾಲಿನದು. ಅವಳು ಆ ಎರಡು ಗುಂಡಿ ಹಿಡಿದೇ ಅಲ್ಲಿ ನಡೆದಿದ್ದಳು, ಎಲ್ಲ ಸರಿ ಇದೆ ಎಂದು ಬರೆದಿದ್ದಳು. ಅವಳ ಕಣ್ಣಿಗೆ ಎಲ್ಲ ಸರಿಯೇ ಇತ್ತು.

ಆಟ ಹೊರಗೆ ಹೋಯಿತು. ಊರೂರುಗಳಲ್ಲಿ ನೀಲಿ ಉಂಗುರಗಳು ಮಾಯವಾದವು. ಆ ಉಂಗುರಕ್ಕಾಗಿ ತಿಂಗಳುಗಟ್ಟಲೆ ಕಾದವರಿದ್ದರು. ಅವರ ಸಿಟ್ಟು ಕೇಳಬೇಕೆ? ಪರೀಕ್ಷೆ ಮಾಡಿದವರು ಯಾರು? ಕಣ್ಣಿತ್ತೇ ಅವರಿಗೆ? ಅವರನ್ನು ಒದ್ದೋಡಿಸಿ, ಆಮೇಲೆ ಮಾತಾಡಿ. ಕಂಪನಿ ಈ ಕೋರಿಕೆಯನ್ನೂ ಮನ್ನಿಸಿತು. ತಪ್ಪಿತಸ್ಥರನ್ನು ಗುರುತಿಸಲಾಗಿದೆ, ಕೆಲಸದಿಂದ ತೆಗೆಯಲಾಗುವುದು ಎಂದು ಪ್ರಕಟಿಸಿ ಕೈತೊಳೆದುಕೊಂಡಿತು.

ಮುಚ್ಚಿಟ್ಟ ಅನುಕೂಲವನ್ನು ಈ ಕೋಣೆಯಲ್ಲಿ ಬಳಸಿದ್ದಾರೆಂದು ಕಂಪನಿಯಿಂದ ಸುದ್ದಿ ಬಂದಿತ್ತು. ಮೇಸ್ತ್ರಿ ಕೋಣೆಯ ನಡುವೆ ನಿಂತು ಕೇಳಿದ. "ಆ ಗುಂಡಿ ಯಾರ್ ಯಾರು ಒತ್ತಿದ್ರಿ?"

ಎಲ್ಲರೂ ತಲೆ ತಗ್ಗಿಸಿದರು. ನಾದಿನಿಯ ಕುರ್ಚಿ ಕಿರ್ ಎಂದಿತು. ಅವಳು ಏಳುವ ಮೊದಲೇ ಅತ್ತಿಗೆ ಅವಳ ಭುಜ ಅದುಮಿ ಕೂರಿಸಿದಳು.

"ನಾನು ಸಾರ್. ನಾನೊಬ್ಳೇ."

"ಈ ತಿಂಗ್ಳು ಮುಗಿಸ್ಕೊಂಡು ಹೋಗು."

ಮನೆಗೆ ಹೋಗುವ ಬಸ್ಸಿನಲ್ಲಿ ನಾದಿನಿ ಅತ್ತಳು. ಅತ್ತಿಗೆ ಅಳಲಿಲ್ಲ. ಅವಳಿಗೆ ಅಳುವಷ್ಟು ಕಸುವೂ ಇರಲಿಲ್ಲ.

"ಯಾಕೆ ನೀವೊಬ್ರೇ ಅಂದ್ರಿ? ಗುಂಡಿ ತೋರ್ಸಿದ್ದು ನಾನಲ್ವಾ?"

"ಎರಡು ಒಲೆ ಒಟ್ಟಿಗೆ ಆರೋದು ಬೇಡ ಅಂತ. ಸುಮ್ನಿರೇ, ಜನ ನೋಡ್ತಾರೆ."

"ಈ ಕೈ ಇಟ್ಕೊಂಡು ಬೇರೆ ಎಲ್ಲಿ ಕೆಲ್ಸ ಕೊಡ್ತಾರೆ ಅತ್ತಿಗೆ ನಿಮ್ಗೆ?"

ಅತ್ತಿಗೆ ಬಗ್ಗಿದ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಗಂಡನಿಗೆ ಮಳೆಗಾಲದಲ್ಲಿ ಕೆಲಸವಿಲ್ಲ. ಇವಳದೂ ಹೋದರೆ ಮನೆ ನಡೆಯುವುದಿಲ್ಲ. ಅದು ಅವಳಿಗೂ ಗೊತ್ತು, ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ ನಾದಿನಿಗೂ ಗೊತ್ತು.

ಆ ಭಾನುವಾರ ನಾದಿನಿ ಮನೆಗೆ ಬಂದಳು. ಅಡುಗೆಮನೆಯಲ್ಲಿ ಅತ್ತಿಗೆಯನ್ನು ಕೂರಿಸಿ, ಬಿಸಿನೀರಿನಲ್ಲಿದ್ದ ಕೈಯ ಫೋಟೋ ತೆಗೆದಳು. "ಹೇಳಿ, ನಾನು ಬರೀತೀನಿ," ಎಂದಳು.

"ಏನಂತ ಹೇಳ್ಲಿ? ತಪ್ಪು ಮಾಡಿದೀನಿ."

"ಅದನ್ನೇ ಹೇಳಿ. ಯಾಕೆ ಮಾಡಿದ್ರಿ ಅಂತಾನೂ ಹೇಳಿ. ಕಂಪನಿಗೆ ಕಿವಿ ಇರೋದು ಆ ಪುಟದಲ್ಲಿ ಮಾತ್ರ. ನಾವೂ ಅಲ್ಲೇ ಕೂಗೋಣ."

ಅತ್ತಿಗೆ ಹೇಳುತ್ತಾ ಹೋದಳು, ನಾದಿನಿ ಫೋನಿನಲ್ಲಿ ಒತ್ತುತ್ತಾ ಹೋದಳು. ನಿಮ್ಮ ಉಂಗುರ ಕಳೆದದ್ದು ನನ್ನಿಂದ. ನನಗೆ ಬೇಸರವಿದೆ. ಎತ್ತಿ ಎತ್ತಿ ನನ್ನ ಬೆರಳು ಬಗ್ಗಿಹೋಗಿದೆ. ಅದಕ್ಕೇ ಗುಂಡಿ ಒತ್ತಿದೆ. ನಿಮ್ಮ ಆಟ ನಿಮಗೆ ಹೇಗೆ ಬೇಕೋ ಹಾಗಿರಲಿ. ನಮ್ಮ ಕೋಣೆಯಲ್ಲಿ ಮಾತ್ರ ಆ ಅನುಕೂಲ ಇರಲಿ ಅಂತ ನೀವು ಒಂದು ಮಾತು ಹೇಳಿದರೆ ಕಂಪನಿ ಕೇಳುತ್ತದೆ. ನಾವು ಹೇಳಿದರೆ ಕೇಳುವುದಿಲ್ಲ. ಕೊನೆಗೆ ನಾದಿನಿ 'ಅತ್ತಿಗೆ' ಎಂದೇ ಹೆಸರು ಹಾಕಿದಳು.

ಗಂಡ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. "ಇದನ್ನೆಲ್ಲ ಓದ್ತಾರಾ ಅವ್ರು?"

ಓದಿದರು. ಕೆಲವರು ಇದು ಸುಳ್ಳು, ಫೋಟೋ ಯಾವುದೋ ಆಸ್ಪತ್ರೆಯದು ಎಂದರು. ಕೆಲವರು ಉಂಗುರ ವಾಪಸ್ ಕೊಡು, ಆಮೇಲೆ ಕಥೆ ಹೇಳು ಎಂದರು. ಆದರೆ ಬಹಳ ಮಂದಿ ಮರುಗಿದರು. ಯಾರೋ ಒಬ್ಬಳು, ತಾನು ಇಷ್ಟು ವರ್ಷ ಆಡಿದ ಆಟದ ಹಿಂದೆ ಒಂದು ಕೈ ಇದೆ ಅಂತ ಯೋಚಿಸಿರಲೇ ಇಲ್ಲ ಎಂದು ಬರೆದಳು. ಅತ್ತಿಗೆಯನ್ನು ತೆಗೆಯಬೇಡಿ, ಅತ್ತಿಗೆಗೆ ಏನಾದರೂ ಮಾಡಿ ಎಂಬ ಕೂಗು ಎದ್ದಿತು. ಏನು ಮಾಡಬೇಕೆಂದು ಅವಳೇ ಸ್ಪಷ್ಟವಾಗಿ ಹೇಳಿದ್ದಳು. ಕೂಗಿನ ಭರದಲ್ಲಿ ಅದು ಹಿಂದೆ ಬಿತ್ತು. ಉಳಿದದ್ದು 'ಏನಾದರೂ' ಎಂಬುದೊಂದೇ.

ಕಂಪನಿಯಿಂದ ಒಬ್ಬ ಮೇಡಮ್ಮು ಬಂದರು. ಮೆಲುದನಿಯವರು. ಅತ್ತಿಗೆಯ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಕಣ್ಣಲ್ಲಿ ನೀರೂ ಬಂತು. ಇಲ್ಲದ್ದು ಯಾಕೆ ಹೇಳಬೇಕು, ನಿಜವಾಗಿಯೇ ಬಂತು.

"ನಿಮ್ಮ ಕೆಲಸ ಎಲ್ಲೂ ಹೋಗಲ್ಲ ಅತ್ತಿಗೆ. ಅಷ್ಟೇ ಅಲ್ಲ, ನಿಮಗೆ ಒಂದು ಗೌರವ ಮಾಡ್ತಿದೀವಿ. ಆಟದಲ್ಲಿ ಒಂದು ಹೊಸ ವಸ್ತು ಬರುತ್ತೆ. ಅದರ ಹೆಸರು 'ಅತ್ತಿಗೆಯ ಕೈಗವಸು'. ಅದನ್ನ ತೊಟ್ಕೊಂಡ್ರೆ, ಬಿದ್ದಿದ್ದೆಲ್ಲ ತಾನಾಗೇ ಚೀಲಕ್ಕೆ ಬರುತ್ತೆ! ಬೇಕಾದವರು ಎತ್ಕೋತಾರೆ, ಬೇಡದವರು ಹಳೇ ಥರ ಆಡ್ಕೋತಾರೆ. ಎಲ್ಲರಿಗೂ ಖುಷಿ."

ಅತ್ತಿಗೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಅರಳಿತು. "ಹಂಗಾದ್ರೆ ನಾವೂ ಅದನ್ನ ತೊಟ್ಕೊಂಡೇ ಕೆಲ್ಸ ಮಾಡ್ಬಹುದಲ್ವಾ ಮೇಡಮ್?"

ಮೇಡಮ್ಮು ಮೇಸ್ತ್ರಿಯ ಮುಖ ನೋಡಿದರು. ಮೇಸ್ತ್ರಿ ಹೇಳಿದ: "ಅದು ಹೆಂಗಾಗುತ್ತಮ್ಮ? ಕೈಗವಸು ಇಲ್ದೋರ ಆಟ ಸರಿ ಇದ್ಯಾ ಅಂತ ಯಾರು ನೋಡ್ಬೇಕು? ನೀಲಿ ಉಂಗುರ ಮರೆತ್ಯಾ?"

"ಮುಂದೆ ಖಂಡಿತ ಯೋಚನೆ ಮಾಡೋಣ," ಎಂದರು ಮೇಡಮ್ಮು, ಕೈ ಬಿಡುತ್ತಾ.

ಕೈಗವಸು ಬಂತು. ಅದನ್ನು ಕಸೂತಿಯಂತೆ ಬಿಡಿಸಿದ್ದರು, ಬೆರಳ ತುದಿಗಳಲ್ಲಿ ಬಂಗಾರದ ಹೊಳಪು. ಹೊಸ ವಸ್ತು ಬಂದರೆ ಹೊಸ ಪರೀಕ್ಷೆ. ಕೈಗವಸು ಕತ್ತಲೆಯಲ್ಲಿ ಬಿದ್ದರೆ, ನೀರಿನಲ್ಲಿ ಬಿದ್ದರೆ, ಗೋಡೆಯ ಮೂಲೆಯಲ್ಲಿ ಬಿದ್ದರೆ, ಪ್ರತಿಯೊಂದು ಮಾಳಿಗೆಯಲ್ಲೂ ಅದನ್ನು ಕೈಯಿಂದ ಒತ್ತಿ ಎತ್ತಿ ನೋಡಬೇಕು. ಇಡೀ ಕೋಣೆ ಅದನ್ನೇ ಮಾಡಿತು. ಕಸೂತಿಯ ಆ ಗವಸನ್ನು ಎತ್ತಿ, ಬಿಸಾಕಿ, ಮತ್ತೆ ಎತ್ತಿ, ಅತ್ತಿಗೆಯ ಮಣಿಕಟ್ಟು ಊದಿಕೊಂಡಿತು. ಪಕ್ಕದ ಸಾಲಿನ ಬಸುರಿಯೊಬ್ಬಳು ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಳು. ಅವಳಿಗಿನ್ನೂ ಇಪ್ಪತ್ತೆರಡು. ಅವಳು ಒಂದು ಮಧ್ಯಾಹ್ನ ಊಟದ ಡಬ್ಬಿಯನ್ನು ಅತ್ತಿಗೆಯ ಮುಂದೆ ಹಿಡಿದು, "ಇದೊಂಚೂರು ತೆಗೆದುಕೊಡಿ ಅತ್ತಿಗೆ," ಎಂದಳು. ಅತ್ತಿಗೆಗೂ ತೆಗೆಯಲಾಗಲಿಲ್ಲ. ಇಬ್ಬರೂ ಮುಚ್ಚಿದ ಡಬ್ಬಿಯನ್ನು ನೋಡುತ್ತಾ ಕೂತರು. ಕೊನೆಗೆ ಕಾವಲುಗಾರ ಬಂದು ತೆಗೆದುಕೊಟ್ಟ.

ಅವತ್ತು ಅವಳಿಗೆ ಊಟ ಸೇರಲಿಲ್ಲ. ತಾನು ಕೇಳಿದ್ದು ಈ ಹುಡುಗಿಗೂ ಸೇರಿಸಿ. ಸಿಕ್ಕಿದ್ದು ಯಾರಿಗೋ, ಅದೂ ತನ್ನ ಹೆಸರಲ್ಲಿ. ಅದೇ ಅವಳನ್ನು ತಿನ್ನುತ್ತಿತ್ತು.

ಕೈಗವಸನ್ನು ಬಿಡುಗಡೆ ಮಾಡುವ ದಿನ ಕಪ್ಪು ಕಾಗದದ ಕೋಣೆಗೆ ದೊಡ್ಡ ದೀಪಗಳು ಬಂದವು, ಕ್ಯಾಮೆರಾ ಬಂತು. ಎಲ್ಲ ಊರುಗಳ ಆಟಗಾರರೂ ಅದೇ ಹೊತ್ತಿಗೆ ನೋಡುವ ಕಾರ್ಯಕ್ರಮ. ಅತ್ತಿಗೆಯ ಎದೆಗೆ ಮೈಕು ಸಿಕ್ಕಿಸಿದರು. ಅಳಿಯ ಒಂದು ಅಸ್ಥಿಪಂಜರವನ್ನು ಕಡಿಯುತ್ತಾನೆ, ಅದರಿಂದ ಕೈಗವಸು ಬೀಳುತ್ತದೆ, ಅತ್ತಿಗೆ ಅದನ್ನು ಮೊಟ್ಟಮೊದಲು ಎತ್ತಿಕೊಳ್ಳುತ್ತಾಳೆ, ನಗುತ್ತಾಳೆ. ಅಷ್ಟೇ. ಅಷ್ಟಕ್ಕೆ ಬೆಳಗಿನಿಂದ ತಾಲೀಮು ಮಾಡಿಸಿದರು. ಬೆಳಕು ಸರಿ ಇಲ್ಲ, ಇನ್ನೊಂದು ಸಲ ಎತ್ತಿ. ನಗು ಸಾಲದು, ಇನ್ನೊಂದು ಸಲ. ಮಧ್ಯಾಹ್ನದ ಹೊತ್ತಿಗೆ ಅವಳ ತೋರುಬೆರಳು ಮರಗಟ್ಟಿತ್ತು.

ಕಾರ್ಯಕ್ರಮ ಶುರುವಾಯಿತು. ಮೇಡಮ್ಮು ಚೆನ್ನಾಗಿ ಮಾತಾಡಿದರು. "ನಾವು ಆಟಗಾರರ ಮಾತು ಕೇಳ್ತೀವಿ. ನಮ್ಮ ಕೆಲಸಗಾರರ ಮಾತೂ ಕೇಳ್ತೀವಿ. ಅದಕ್ಕೆ ಸಾಕ್ಷಿ ಈ ಕೈಗವಸು." ದೊಡ್ಡ ಪರದೆಯ ಬದಿಯಲ್ಲಿ ಆಟಗಾರರ ಮಾತುಗಳು ಹೊಳೆಯಂತೆ ಹರಿಯುತ್ತಿದ್ದವು. ಅಳಿಯ ಕತ್ತಿ ಬೀಸಿದ. ಮೂಳೆಗಳು ಚೆಲ್ಲಿದವು. ಕೈಗವಸು ನೆಲಕ್ಕೆ ಬಿತ್ತು.

ಅತ್ತಿಗೆ ಬೆರಳನ್ನು ಮೌಸಿನ ಮೇಲೆ ಇಟ್ಟಳು. ಆಮೇಲೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

ಅವಳಿಗೇನೂ ಧೈರ್ಯ ಉಕ್ಕಿ ಬಂದಿರಲಿಲ್ಲ. ಸಾಕಾಗಿತ್ತು, ಅಷ್ಟೇ.

"ಅತ್ತಿಗೆ, ಎತ್ಕೊಳ್ಳಿ," ಎಂದರು ಮೇಡಮ್ಮು, ನಗುತ್ತಲೇ.

"ಇಲ್ಲ ಮೇಡಮ್. ಅದು ಅಲ್ಲೇ ಇರ್ಲಿ."

ಮೇಸ್ತ್ರಿ ಕ್ಯಾಮೆರಾಕ್ಕೆ ಕಾಣದಂತೆ ಬಗ್ಗಿ ನಾದಿನಿಯ ಕುರ್ಚಿಯ ಹಿಂದೆ ಬಂದ. "ಏಯ್, ಕ್ಯಾಮೆರಾ ನಿನ್ನ ಸ್ಕ್ರೀನಿಗೆ ತಿರುಗಿಸ್ತಾರೆ. ನೀನು ಎತ್ತು, ಬೇಗ."

ನಾದಿನಿ ಎರಡೂ ಕೈಗಳನ್ನು ಮೇಜಿನ ಮೇಲಿಂದ ತೆಗೆದಳು. ಅವನು ಬಸುರಿಯ ಹತ್ತಿರ ಹೋದ. ಬಟ್ಟೆ ಸುತ್ತಿದ ಬೆರಳನ್ನು ಅವಳು ಅವನ ಮುಖದ ಮುಂದೆ ಹಿಡಿದಳು. ಹಿಂದಿನ ಸಾಲಿನಲ್ಲಿ ಒಬ್ಬರು ಕೈ ತೆಗೆದರು, ಆಮೇಲೆ ಇನ್ನೊಬ್ಬರು. ವರ್ಷಗಳಿಂದ ಆ ಕೋಣೆಯಲ್ಲಿ ಕೇಳಿಬರುತ್ತಿದ್ದ ಟಕ್ ಟಕ್ ಸಾಲುಸಾಲಾಗಿ ನಿಂತಿತು. ಕೆಳಗಿನ ಅಂಗಡಿಯಲ್ಲಿ ಯಾರೋ ಟೈಲ್ಸ್ ಇಳಿಸುತ್ತಿರುವುದು ಕೇಳಿಸಿತು. ಎಲ್ಲ ಪರದೆಗಳಲ್ಲೂ ಅಳಿಯ ಎದೆಯುಬ್ಬಿಸಿ ಸುಮ್ಮನೆ ನಿಂತಿದ್ದ. ಎಲ್ಲಿಂದಲೋ ಒಂದು ಭೂತ ಬಂದು ಅವನನ್ನು ಬಡಿಯತೊಡಗಿತು. ಯಾರೂ ಅವನ ನೆರವಿಗೆ ಹೋಗಲಿಲ್ಲ.

ಪರದೆಯ ಬದಿಯ ಹೊಳೆ ಉಕ್ಕಿತು. ಏನಾಯ್ತು? ಎತ್ತಿ ಬೇಗ. ಕಂಪ್ಯೂಟರ್ ಕೆಟ್ಟಿತಾ? ಆಟ ನಿಂತುಹೋಯಿತಾ?

ಮೇಡಮ್ಮು ಅವಳ ಕಿವಿಯ ಬಳಿ ಬಗ್ಗಿದರು. ದನಿಯ ಮೆದುತನ ಹೋಗಿತ್ತು. "ಎಲ್ಲರೂ ನೋಡ್ತಿದಾರೆ. ಇದರಿಂದ ಏನಾಗುತ್ತೆ ಗೊತ್ತಲ್ವಾ?"

"ಗೊತ್ತು ಮೇಡಮ್," ಎಂದಳು ಅತ್ತಿಗೆ. ಮಗಳ ನೆನಪಾಯಿತು, ಮಳೆಗಾಲದ ನೆನಪಾಯಿತು. ಆದರೂ ಪರದೆಯ ಕಡೆ ತಿರುಗಿದಳು. ಬಸುರಿ ಹುಡುಗಿ ಎದ್ದು ಬಂದು ಅವಳ ಕುರ್ಚಿಯ ಪಕ್ಕ ನಿಂತಳು. ನಾದಿನಿ ಇನ್ನೊಂದು ಪಕ್ಕ ನಿಂತಳು. ಒಂದೊಂದಾಗಿ ಕುರ್ಚಿಗಳು ಸರಿದವು.

"ಆಟ ಕೆಟ್ಟಿಲ್ಲ," ಎಂದಳು ಅತ್ತಿಗೆ ಮೈಕಿಗೆ. "ನಾವು ನಿಲ್ಲಿಸಿದೀವಿ."

ಮೈಕಿನ ತಂತಿ ಎಲ್ಲಿದೆ ಎಂದು ಮೇಸ್ತ್ರಿ ಮೇಜಿನ ಕೆಳಗೆ ತಡಕಾಡುತ್ತಿದ್ದ. ಅವನು ಅದನ್ನು ಹುಡುಕಿ ಕೀಳುವವರೆಗೂ ಅವಳು ಮಾತಾಡುತ್ತಲೇ ಇದ್ದಳು.